ಬೋರ್ಡಿಗೆ ಬೈಗೆ ಎಣ್ಣೆ

ಬೀಜಾಡಿ, ಕುಂದಾಪುರ ತಾಲೂಕು
೨೩–೭–೨೦೦೧, ಸೋಮವಾರ

ಪ್ರೀತಿಯ ನಮ್ಮ ಮನೆಯವರಿಗೆ,

ಆನೆಗುಡ್ಡೆ ಗಣಪತಿಯ ದಯೆಯಿಂದ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ಮುಂಬೈಯ ಮಳೆ, ಅದರ ಮೇಲೆ ಬೆಸುಗೆಯ ಹೊಗೆ, ಎರಡೂ ಸೇರಿದರೆ ಎದೆ ಏನಾಗಬೇಡ? ಫ್ಯಾನ್ ಪಕ್ಕ ಕೂತು ಕೆಲಸ ಮಾಡಿ ಎಂದು ಬರೆದೂ ಬರೆದೂ ನನ್ನ ಪೆನ್ನಿನ ಶಾಯಿ ಮುಗಿಯಿತು. ನಿಮ್ಮ ವರ್ಕ್‌ಶಾಪಿನ ಸೇಟ್ ಫ್ಯಾನ್ ಕೊಡದಿದ್ದರೆ ಮೂಗಿಗೆ ಒಂದು ಬಟ್ಟೆಯನ್ನಾದರೂ ಕಟ್ಟಿಕೊಳ್ಳಿ, ನೋಡಿದವರು ಕಳ್ಳ ಎಂದುಕೊಂಡರೆ ಅಂದುಕೊಳ್ಳಲಿ. ಮಗಳು ಶರಣ್ಯಾಳ ಎದುರಿನ ಹಲ್ಲು ಬಿದ್ದಿದೆ. ಮಾಡಿನ ಮೇಲೆ ಎಸೆಯಲು ಬಿಡದೆ, ಅಪ್ಪನಿಗೆ ತೋರಿಸಬೇಕು ಎಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಮಾವನ ಮಂಡಿನೋವು ಮಳೆಗಾಲಕ್ಕೆ ಏರುವುದು ಇದ್ದದ್ದೇ, ಆದರೆ ಈ ಸಲ ಅವರು ಅದರ ಸುದ್ದಿಯನ್ನೇ ಎತ್ತುತ್ತಿಲ್ಲ. ಯಾಕೆ ಎಂದು ಮುಂದೆ ಬರೆಯುತ್ತೇನೆ, ಅವಸರ ಮಾಡಬೇಡಿ. ನಿಮಗೆ ಕಾಗದದ ಕೊನೆಯನ್ನು ಮೊದಲು ಓದುವ ಚಾಳಿ ಇದೆ ಎಂದು ನನಗೆ ಗೊತ್ತು.

ಹೋದ ಕಾಗದದಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ, ಅಪ್ಪ ನನ್ನ ಬಗ್ಗೆ ಏನಾದರೂ ಹೇಳಿದರಾ ಎಂದು. ಅಪ್ಪ ಬಾಯಿಬಿಟ್ಟು ಕರೆಯದೆ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಚೌತಿಯೊಳಗೆ ಕರೆಯದಿದ್ದರೆ ಎರಡೂ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಗುಜರಿಗೆ ಹಾಕಿ ನೀನೂ ಮಗಳೂ ಇಲ್ಲಿಗೆ ಬನ್ನಿ, ಡೊಂಬಿವಿಲಿಯಲ್ಲಿ ಒಂದು ಖೋಲಿ ನೋಡಿಟ್ಟಿದ್ದೇನೆ, ಅಪ್ಪ ಅಕ್ಕನ ಮನೆಗೆ ಹೋಗಲಿ ಎಂದು ಬರೆದಿದ್ದಿರಿ. ಆ ಕಾಗದ ಓದಿ ನಾನು ಎರಡು ದಿನ ಅನ್ನವನ್ನು ಸರಿಯಾಗಿ ಉಣ್ಣಲಿಲ್ಲ. ನಿಮ್ಮದೂ ತಪ್ಪಲ್ಲ. ಮೀನಿನ ಬಲೆಯಲ್ಲಿದ್ದ ನಿಮ್ಮ ಪಾಲನ್ನು ಮಾರಿ ಲಾರಿಯಲ್ಲಿ ವಿಡಿಯೋ ಗೇಮಿನ ಪೆಟ್ಟಿಗೆ ಇಳಿಸಿದ ದಿನ ಮಾವ ಅಂಗಳದಲ್ಲಿ ನಿಂತು "ಕಡ್ಲ್ ಬ್ಯಾಡ ಅಂದವಂಗೆ ಈ ಮನಿ ಎಂತಕ್ಕೆ?" ಎಂದದ್ದು ನನ್ನ ಕಿವಿಯಲ್ಲೂ ಇದೆ. ಆಮೇಲೆ ನೀವು ಅಂಗಡಿಯನ್ನು ನನ್ನ ಕೈಗೆ ಕೊಟ್ಟು ಮುಂಬೈ ಸೇರಿದಿರಿ, ಎರಡು ವರ್ಷ ಅವರು ನಿಮ್ಮ ಹೆಸರು ಎತ್ತಲಿಲ್ಲ. ಎತ್ತಲೇಬೇಕಾದಾಗ "ಬೊಂಬಾಯಿಯಂವ" ಎನ್ನುತ್ತಿದ್ದರು, ಯಾರೋ ಬಾಡಿಗೆಯವನನ್ನು ಹೇಳಿದ ಹಾಗೆ. ಕುಂಭಾಶಿಯ ನಮ್ಮ ಅಂಗಡಿಯ ಎದುರಿಂದಲೇ ಮೀನು ಮಾರ್ಕೆಟ್ಟಿಗೆ ಹೋಗುವಾಗಲೂ ಮುಖವನ್ನು ರಸ್ತೆಯ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದರು. ತಂದೆಗೂ ಮಗನಿಗೂ ಹಟದಲ್ಲಿ ಒಂದು ಕೂದಲಿನ ವ್ಯತ್ಯಾಸವೂ ಇಲ್ಲ, ನಡುವೆ ಸಿಕ್ಕಿದ ನನ್ನ ಪಾಡು ನಾಯಿಗೂ ಬೇಡ.

ಈಗ ಪೆಟ್ಟಿಗೆಗಳ ಸುದ್ದಿ. ನೀವು ಮುಂಬೈಗೆ ಹೊರಡುವ ಹಿಂದಿನ ದಿನ ವಿಮಾನದ ಆಟದ ಪೆಟ್ಟಿಗೆಯ ಹಿಂಬಾಗಿಲು ತೆಗೆದು, ಒಳಗಿನ ಸರ್ಕಿಟ್ ಬೋರ್ಡಿನ ಮೂಲೆಯಲ್ಲಿರುವ ಎಂಟು ಪುಟ್ಟ ಬಿಳಿ ಸ್ವಿಚ್ಚುಗಳನ್ನು ತೋರಿಸಿದ್ದು ನೆನಪಿದೆಯಾ? ಆಟ ಎಷ್ಟು ಕಷ್ಟ ಇರಬೇಕು, ಒಂದು ನಾಣ್ಯಕ್ಕೆ ಎಷ್ಟು ಜೀವ, ಎಲ್ಲ ಇದರಲ್ಲೇ ಇರುವುದು ಎಂದಿರಿ. ಅತೀ ಕಷ್ಟಕ್ಕೆ ಇಟ್ಟಿದ್ದೇನೆ, ಆಡುವವ ಬೇಗ ಸಾಯಬೇಕು, ಸತ್ತವ ಬೇಗ ಇನ್ನೊಂದು ನಾಣ್ಯ ಹಾಕಬೇಕು, ಮುಂಬೈಯಲ್ಲಿ ಎಲ್ಲರೂ ಹೀಗೇ ಮಾಡುವುದು ಎಂದು ಮೀಸೆ ತಿರುವಿದಿರಿ. ಮುಂಬೈಯಲ್ಲಿ ಒಬ್ಬ ಹೋದರೆ ನೂರು ಜನ ಬರುತ್ತಾರೆ ಸ್ವಾಮೀ. ಕುಂಭಾಶಿಯಲ್ಲಿ ಒಬ್ಬ ಹೋದರೆ ಅವನು ಹೋಗಿ ಇನ್ನು ಹತ್ತು ಜನಕ್ಕೆ ಹೇಳುತ್ತಾನೆ. ಆಡಲು ನಿಲ್ಲುವುದರೊಳಗೆ ಸಾಯುತ್ತಾರೆ, ಪೆಟ್ಟಿಗೆಗೆ ಒಂದು ಒದೆ ಕೊಡುತ್ತಾರೆ, ಹೋಗುತ್ತಾರೆ. ಆನೆಗುಡ್ಡೆ ದೇವಸ್ಥಾನಕ್ಕೆ ಬಂದ ಪರವೂರಿನ ಮಕ್ಕಳು ಕೂಡ ಅಳುತ್ತಾ ಹೊರಗೆ ಬರುವುದನ್ನು ನೋಡಿ ನನಗೇ ಪಾಪಪ್ರಜ್ಞೆ ಬಂತು. ಆದರೆ ನೀವು ಬರೆದಿಟ್ಟು ಹೋದ ಚೀಟಿಯಲ್ಲಿ ಆ ಸ್ವಿಚ್ಚುಗಳ ಬಗ್ಗೆ ಇದ್ದದ್ದು ಒಂದೇ ಮಾತು, "ಇದನ್ನು ಮುಟ್ಟಬೇಡ". ಗಂಡನ ಮಾತು ಮೀರಬಾರದೆಂದು ಸುಮ್ಮನಿದ್ದೆ. ಎಲ್ಲ ವಿಷಯದಲ್ಲೂ ಹೀಗೇ ಇರುತ್ತೇನೆ ಎಂದು ತಿಳಿಯಬೇಡಿ.

ಆಮೇಲೆ ಮೇ ತಿಂಗಳಲ್ಲಿ ವಿಮಾನದ ಪೆಟ್ಟಿಗೆ ಸತ್ತೇ ಹೋಯಿತು. ಮೊದಲು ಚಿತ್ರ ನಡುಗಿತು, ಆಮೇಲೆ ಬಣ್ಣಗಳೆಲ್ಲ ಕಲಸಿದವು, ಕೊನೆಗೆ ಗುಂಯ್ ಎಂಬ ಶಬ್ದ ಮಾತ್ರ ಉಳಿಯಿತು. ಹಿಂಬಾಗಿಲು ತೆಗೆದು ನೋಡಿದರೆ ಬೋರ್ಡಿನ ಮೇಲೆಲ್ಲ ಬೂಷ್ಟಿನ ಹಾಗೆ ಬಿಳಿ ಪುಡಿ, ವಯರು ಸಿಕ್ಕಿಸುವ ಜಾಗದಲ್ಲಿ ಹಸಿರು ಕಿಲುಬು. ನೀವು ಹೇಳಿದ ಹಾಗೆ ಪೆನ್ಸಿಲಿನ ರಬ್ಬರಿನಿಂದ ತಿಕ್ಕಿದೆ. ಶರಣ್ಯಾಳ ರಬ್ಬರು ಸವೆದು ಹೋದದ್ದು ಬಂತು, ಪೆಟ್ಟಿಗೆ ಮಾತ್ರ ಏಳಲಿಲ್ಲ. ಉಳಿದದ್ದು ಆ ಜಗಳದ ಆಟದ ಪೆಟ್ಟಿಗೆ ಒಂದೇ, ಅದರಿಂದ ಅಂಗಡಿಯ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಬಡಿಸುವಾಗ ಮಾವನ ಎದುರಿಗೇ ಕಣ್ಣೀರು ಬಂದುಬಿಟ್ಟಿತು. ಉಪ್ಪುಗಾಳಿ ತಿಂದು ಹಾಕಿದೆ ಮಾವ, ಇನ್ನು ಗುಜರಿಗೇ ಸೈ ಎಂದೆ. ಅವರು ಗಂಜಿ ಊಟ ಮುಗಿಸಿ ಎದ್ದರು.

ಆಸಾಡಿ ಬಂತಲ್ಲ, ಶಿರೂರಿಗೆ ಅಮ್ಮನ ಮನೆಗೆ ಹೋದೆ. ಮದುವೆಯಾಗಿ ಎಂಟು ವರ್ಷವಾದರೂ ಈ ಹೆಣ್ಣಿಗೆ ಆಸಾಡಿ ತಪ್ಪುವುದಿಲ್ಲ ಎಂದು ನೀವು ನಗುತ್ತೀರಿ, ನಗಿ. ನಾಲ್ಕು ದಿನವೆಂದು ಹೋದವಳು ಮಳೆಯಿಂದಾಗಿ ವಾರ ಉಳಿದೆ. ಅಂಗಡಿಯ ಬೀಗದ ಕೈ ಅಡುಗೆಮನೆಯ ಮೊಳೆಯಲ್ಲೇ ಇತ್ತು. ನಾನು ಅತ್ತ ಹೋದದ್ದೇ ಮಾವ ಅದನ್ನು ತೆಗೆದುಕೊಂಡು ಇತ್ತ ಕುಂಭಾಶಿಗೆ ಹೋಗಿದ್ದಾರೆ. ಎರಡು ವರ್ಷ ಹೊಸಿಲು ತುಳಿಯದ ಮನುಷ್ಯ! ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಗಿ ದೋಣಿಗಳೆಲ್ಲ ದಡಕ್ಕೆ ಏರಿವೆ, ಕೈಗೆ ಕೆಲಸವಿಲ್ಲ. ಬೋರ್ಡು ಬಿಚ್ಚಿ ಮನೆಗೆ ತಂದು, ದೋಣಿಗೆ ಏನು ಮಾಡುತ್ತಾರೋ ಅದನ್ನೇ ಅದಕ್ಕೂ ಮಾಡಿದ್ದಾರೆ. ಬಾವಿಯ ನೀರಿನಿಂದ ಮೂರು ಸಲ ತೊಳೆದರಂತೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಪ್ಪೆಲ್ಲ ತಿಕ್ಕಿದರಂತೆ. ಒಲೆಯ ಮೇಲಿನ ಅಟ್ಟದಲ್ಲಿ ಮೂರು ದಿನ ಒಣಗಲು ಇಟ್ಟರಂತೆ. ಕೊನೆಗೆ, ದಯವಿಟ್ಟು ಕುಳಿತುಕೊಂಡು ಓದಿ, ಬೈಗೆ ಮೀನಿನ ಎಣ್ಣೆ ಹಚ್ಚಿದ್ದಾರೆ! ದೋಣಿಯ ಹಲಗೆಗೆ ಹಚ್ಚುತ್ತಾರಲ್ಲ, ಅದೇ ಎಣ್ಣೆ, ಅದೇ ಬಟ್ಟೆ. ಆ ಎಂಟು ಸ್ವಿಚ್ಚುಗಳು ಬಿಗಿಯಾಗಿವೆ ಎಂದು ಒಂದೊಂದನ್ನೂ ತುಕ್ಕು ಹಿಡಿದ ಚಿಲಕದ ಹಾಗೆ ಆಚೆ ಈಚೆ ಆಡಿಸಿ, ಸಡಿಲ ಮಾಡಿ, ಎಲ್ಲವನ್ನೂ ಒಂದೇ ಕಡೆಗೆ ಸಾಲಾಗಿ ನಿಲ್ಲಿಸಿದ್ದಾರೆ, ನೋಡಲು ಚೆಂದವಿರಲಿ ಎಂದು.

ನಾನು ಶಿರೂರಿನಿಂದ ಬಂದು ಬಸ್ಸಿಳಿದರೆ ಅಂಗಡಿಯ ತುಂಬ ಜನ. ಗಂಗೊಳ್ಳಿಯ ಬೋಟಿನ ಸೋಮಣ್ಣ, ಅವರ ಜೊತೆಯ ಆರೇಳು ಮಂದಿ, ಎಲ್ಲರೂ ವಿಮಾನದ ಪೆಟ್ಟಿಗೆಯ ಸುತ್ತ ಕೂಗುತ್ತಿದ್ದಾರೆ. ಬೆಂಕಿ ಬಿತ್ತೋ ಎಂದುಕೊಂಡೆ. ನುಗ್ಗಿ ನೋಡಿದರೆ ಸತ್ತ ಪೆಟ್ಟಿಗೆ ಎದ್ದು ಕೂತಿದೆ! ಆದರೆ ಚಿತ್ರ ತಲೆಕೆಳಗು. ಕೆಳಗಿರಬೇಕಾದ ವಿಮಾನ ಮೇಲೆ ನೇತಾಡುತ್ತಿದೆ, ವೈರಿಗಳು ನೆಲದಿಂದ ಹುಟ್ಟಿ ಬರುತ್ತಿದ್ದಾರೆ, ಅಂಕೆಗಳೆಲ್ಲ ಬಾವಲಿಗಳ ಹಾಗೆ ಜೋತುಬಿದ್ದಿವೆ. ಹಿಡಿಕೆಯನ್ನು ಎಡಕ್ಕೆ ಒತ್ತಿದರೆ ವಿಮಾನ ಬಲಕ್ಕೆ ಹೋಗುತ್ತದೆ. ಅದರ ಮುಂದೆ ಸ್ಟೂಲಿನಲ್ಲಿ ಕೂತು, ಕಣ್ಣು ಕಿರಿದು ಮಾಡಿಕೊಂಡು ಆಡುತ್ತಿದ್ದವರು ನಿಮ್ಮ ತಂದೆ. ಅಯ್ಯೋ ಮಾವ ಇದು ತಲೆಕೆಳಗಾಗಿದೆಯಲ್ಲ ಎಂದರೆ, ತಿರುಗಿಯೂ ನೋಡದೆ "ತಲೆಕೆಳ್ಗ್ ಎಲ್ಲಿತ್ತ್? ಈಗ್ಲೇ ಸಮ ಆದ್ದ್. ಎಡಕ್ಕೆ ಒತ್ತಿರೆ ಬಲಕ್ಕೆ ಹೋಪ್ದೇ ಅಲ್ದಾ?" ಎಂದರು. ಸೋಮಣ್ಣನೂ ಹೌದು ಹೌದು ಎಂದು ತಲೆ ಆಡಿಸಿದರು. ಆಗ ಹೊಳೆಯಿತು. ಚುಕ್ಕಾಣಿ ಹಿಡಿದ ಕೈಗಳಲ್ಲವೇ! ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ದೂಡಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ. ಶಾಲೆಯ ಮಕ್ಕಳು ಒಂದು ನಿಮಿಷ ನಿಲ್ಲದ ಆಟದಲ್ಲಿ ಈ ಕಡಲಿನವರು ನೀರು ಕುಡಿದ ಹಾಗೆ ಮುಂದೆ ಮುಂದೆ ಹೋಗುತ್ತಿದ್ದರು. ಜೀವಗಳೂ ಧಾರಾಳ, ವೈರಿಗಳೂ ನಿಧಾನ, ಯಾಕೆಂದರೆ ನೀವು ಕಷ್ಟಕ್ಕೆ ಇಟ್ಟದ್ದೆಲ್ಲ ಮಾವನ ಹೆಬ್ಬೆರಳಿಗೆ ಸಿಕ್ಕಿ ಸುಲಭವಾಗಿತ್ತು. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ನಾಣ್ಯವನ್ನೇ ಹಾಕಬೇಕಾಗಿರಲಿಲ್ಲ, ಗುಂಡಿ ಒತ್ತಿದರೆ ಆಟ ಶುರು. ಮೂರು ದಿನದಿಂದ ಊರೆಲ್ಲ ಪುಕ್ಕಟೆ ಆಡುತ್ತಿದೆ! ಇದೇನು ಮಾವ ಎಂದು ಕೇಳಿದರೆ "ಬಂದಿನಂಗೆ ಯಾರ್ ಹತ್ರ ದುಡ್ಡ್ ಇತ್ತ್ ಹೆಣೆ? ಆಡ್ಲಿ" ಎಂದು ಮತ್ತೆ ಆಟದ ಕಡೆ ತಿರುಗಿದರು.

ವಾಸನೆಯ ಬಗ್ಗೆ ಬರೆಯದಿದ್ದರೆ ಕಾಗದ ಪೂರ್ತಿಯಾಗುವುದಿಲ್ಲ. ಪೆಟ್ಟಿಗೆ ಬಿಸಿಯಾದ ಹಾಗೆ ಒಳಗಿನ ಎಣ್ಣೆಯೂ ಬಿಸಿಯಾಗಿ ದೇವಸ್ಥಾನದ ದಾರಿಯ ತುಂಬ ಬೈಗೆ ಸುಟ್ಟ ಪರಿಮಳ. ಊರಿನ ಬೆಕ್ಕುಗಳೆಲ್ಲ ಬಂದು ಪೆಟ್ಟಿಗೆಯ ಸುತ್ತ ಸಭೆ ಸೇರಿದ್ದವು. ಅಂಗಡಿ ಕಟ್ಟಡದ ಯಜಮಾನರು ಶಾಮರಾಯರು ಸಾಲಿಗ್ರಾಮದ ಕಡೆಯವರು, ಮಡಿಯ ಮನುಷ್ಯ. ಇನ್ನು ಅಂಗಡಿ ಖಾಲಿ ಮಾಡಿ ಎನ್ನುತ್ತಾರೆ ಎಂದು ನಾನು ಹೆದರಿಕೊಂಡು ನಿಂತಿದ್ದೆ. ಅವರು ಶಾಲಿನ ತುದಿಯನ್ನು ಮೂಗಿಗೆ ಹಿಡಿದು ಬಂದು, ಮಾವ ಆಡುವುದನ್ನು ಐದು ನಿಮಿಷ ನೋಡಿ ಹೋದರು. ಮರುದಿನ ಒಂದು ಪೊಟ್ಟಣ ಸಾಂಬ್ರಾಣಿ ಕಳಿಸಿದರು. ಇಂಥ ಜನರ ನಡುವೆ ಬದುಕುವುದು ನಮ್ಮ ಪುಣ್ಯ ಎಂದು ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಆದರೂ ಪುಕ್ಕಟೆ ಆಟದಲ್ಲಿ ಹೊಟ್ಟೆ ತುಂಬುವುದಿಲ್ಲವಲ್ಲ. ಹೋದ ಗುರುವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ನಿಮ್ಮ "ಮುಟ್ಟಬೇಡ"ವನ್ನು ಮಡಚಿಟ್ಟು, ಸ್ವಿಚ್ಚುಗಳಿಗೆ ಕೈ ಹಾಕಿದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸ್ವಿಚ್ಚು ಇರುವುದು ಹಿಂದೆ, ಪರದೆ ಇರುವುದು ಮುಂದೆ, ನೋಡುವುದು ಹೇಗೆ? ಮಾವ ಮನೆಯ ಕನ್ನಡಿಯನ್ನೇ ಬಿಚ್ಚಿ ತಂದು ಪರದೆಯ ಎದುರಿಗೆ ಹಿಡಿದು ನಿಂತರು, ನಾನು ಹಿಂದಿನಿಂದ ಇಣುಕಿ ನೋಡಿದೆ. ಕರೆಂಟು ತೆಗೆ, ಒಂದು ಸ್ವಿಚ್ಚು ಸರಿಸು, ಕರೆಂಟು ಹಾಕು, ಏನಾಯಿತು ನೋಡು. ಒಂದು ಸರಿಸಿದರೆ ನಾಣ್ಯ ಕೇಳತೊಡಗಿತು, ಇನ್ನೊಂದಕ್ಕೆ ಜೀವ ಮೂರಾಯಿತು, ಮತ್ತೊಂದಕ್ಕೆ ಚಿತ್ರ ನೆಟ್ಟಗಾಯಿತು. ನಾನು ಒಂದೊಂದನ್ನೂ ಶರಣ್ಯಾಳ ಪಾಟಿಯಲ್ಲಿ ಬರೆದುಕೊಂಡೆ. ಇನ್ನುಳಿದದ್ದು ಮೊದಲ ಎರಡು, ಕಷ್ಟ ಸುಲಭದ್ದು. ನೀವು ಇಟ್ಟ ಹಾಗೆ ಕಷ್ಟಕ್ಕೆ ಸರಿಸಲು ಹೊರಟೆ. ಕನ್ನಡಿಯ ಆಚೆಯಿಂದ ಮಾವನ ದನಿ ಬಂತು. "ಅದನ್ ಬಿಡ್. ಈಜ್ ಕಲ್ಸುಕೆ ಯಾರಾದ್ರೂ ಆಳಕ್ಕೆ ದೂಡ್ತ್ರಾ?"

ಇದನ್ನು ನಿಮ್ಮ ಮಗನೇ ಹೀಗೆ ಇಟ್ಟು ಹೋದದ್ದು ಮಾವ, ಮುಂಬೈಯಲ್ಲಿ ಹೀಗೇ ಅಂತೆ, ಎಂದೆ ನಾನು. ಮಾವ ಕನ್ನಡಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆಮೇಲೆ ಹೇಳಿದರು. "ಅಂವ ಎಲ್ಲಿ ಕಲ್ತದ್ದ್ ಅಂದ್ ನಂಗ್ ಗೊತ್ತಿತ್ತ್. ಮೊದ್ಲ್ನೇ ದಿನವೇ ಗಾಳಿ ಬಿಸು ಹೊತ್ತಿಗೆ ಅಳ್ವಿ ಬಾಯಿ ದಾಟ್ಸಿ ಕಡ್ಲಿಗೆ ಕರ್ಕಂಡ್ ಹೋಯ್ದೆ. ಹೈದ ವಾಂತಿ ಮಾಡಿ ಬಲೆ ಮೇಲೆ ಬಿದ್ದಿದ್ದ. ನಾನ್ ಎಲ್ಲರ್ ಎದ್ರಿಗೆ ನಗಾಡ್ದೆ." ಇಷ್ಟೇ. ನೀವು ಇದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ಕಡಲೆಂದರೆ ನಿಮಗೆ ಆಗುವುದಿಲ್ಲ ಎಂದಷ್ಟೇ ಹೇಳಿದ್ದಿರಿ, ನಾನೂ ಸೋಮಾರಿತನವೆಂದು ತಮಾಷೆ ಮಾಡುತ್ತಿದ್ದೆ. ತಪ್ಪಾಯಿತು. ಪೆಟ್ಟಿಗೆಯ ಹಿಂದೆ ಕೂತು ನಾನು ಅತ್ತುಬಿಟ್ಟೆ, ಮಾವನಿಗೆ ಕಾಣದ ಹಾಗೆ. ಇದನ್ನು ಅವರಿಗೆ ಬರೆಯಲಾ ಮಾವ ಎಂದು ಕೇಳಿದ್ದಕ್ಕೆ, ಅದೆಲ್ಲ ಕಾಗದಕ್ಕೆ ಯಾಕೆ ಎಂದು ಕನ್ನಡಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದರು. ಕರೆಯುವ ಮಾತು ಆಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಕಾಯಿಯನ್ನು ಗುದ್ದಿ ಹಣ್ಣು ಮಾಡಲು ಬರುತ್ತದೆಯೇ?

ಸ್ವಿಚ್ಚುಗಳನ್ನು ಸುಲಭಕ್ಕೇ ಬಿಟ್ಟಿದ್ದೇನೆ. ನೀವು ಅಲ್ಲಿಂದ ಬೈಯುವ ಮೊದಲು ಕೇಳಿ. ಈಗ ಬಂದವರು ಒಂದಿಷ್ಟು ಹೊತ್ತು ಬದುಕುತ್ತಾರೆ, ನಾಳೆ ಇನ್ನೂ ಸ್ವಲ್ಪ ದೂರ ಹೋಗುತ್ತೇನೆ ಎಂಬ ಆಸೆಯಲ್ಲಿ ಮತ್ತೆ ಬರುತ್ತಾರೆ. ಒದೆಯುವುದು ನಿಂತಿದೆ. ಹೀಗೇ ನಡೆದರೆ ಬಾಡಿಗೆ ಕಳೆದು ಮನೆಯ ಖರ್ಚಿಗೂ ಆದೀತು. ಚಿತ್ರವನ್ನು ನೆಟ್ಟಗೆ ಮಾಡಿದ್ದೆನಲ್ಲ, ಮರುದಿನವೇ ಬೋಟಿನವರು ಬಂದು ಆಟ ಹಾಳಾಯಿತೆಂದು ಗಲಾಟೆ ಮಾಡಿದರು. ದೋಣಿ ಮತ್ತೆ ಕಡಲಿಗೆ ಇಳಿಯುವವರೆಗೆ ತಲೆಕೆಳಗೇ ಇರಲಿ ಎಂದು ಮತ್ತೆ ತಿರುಗಿಸಿಟ್ಟಿದ್ದೇನೆ. ಶಾಲೆಯ ಮಕ್ಕಳು ಜಗಳದ ಪೆಟ್ಟಿಗೆಯಲ್ಲಿ ಆಡಿಕೊಳ್ಳುತ್ತಾರೆ. ವಯರು ಸಿಕ್ಕಿಸುವ ಬಾಯಿಯಲ್ಲಿದ್ದ ಎಣ್ಣೆಯನ್ನೆಲ್ಲ ಒರೆಸಿ, ಹೊಸ ರಬ್ಬರಿನಿಂದ ತಿಕ್ಕಿದ್ದೇನೆ. ಉಳಿದ ಎಣ್ಣೆಗೆ ಏನು ಮಾಡಬೇಕೆಂದು ಬರೆಯಿರಿ. ಮಾವ ಬೆಳಿಗ್ಗೆ ಗಂಜಿ ಉಂಡವರು ನನಗಿಂತ ಮೊದಲು ಅಂಗಡಿಗೆ ಹೊರಡುತ್ತಾರೆ. ಹೊಸಬ ಬಂದರೆ ಪಕ್ಕದಲ್ಲಿ ನಿಂತು ಹೀಗೆ ಹಿಡಿ, ಹೆದರಬೇಡ, ಬಿದ್ದರೆ ಬೀಳಲಿ ಎಂದು ಹೇಳಿಕೊಡುತ್ತಾರೆ. ಸೋತವರನ್ನು ನೋಡಿ ಯಾರಾದರೂ ನಕ್ಕರೆ ಅವರಿಗೆ ಮುಖಮೂತಿ ನೋಡದೆ ಬೈಗುಳ. ನಾನು ದೂರದಲ್ಲಿ ಕೂತು ನೋಡುತ್ತೇನೆ, ಮನಸ್ಸು ತುಂಬಿ ಬರುತ್ತದೆ. ಈ ಪೆಟ್ಟಿಗೆಗಳನ್ನು ತಂದ ನಿಮಗೆ, ಅದನ್ನು ತೊಳೆದು ಬದುಕಿಸಿದ ಅವರಿಗೆ, ಇಬ್ಬರಿಗೂ ನಾನು ಋಣಿ. ಗುಜರಿಗೆ ಹಾಕುವ ಮಾತು ಇನ್ನು ಎತ್ತಬೇಡಿ. ಡೊಂಬಿವಿಲಿಯ ಖೋಲಿಗೆ ಮುಂಗಡ ಕೊಡಬೇಡಿ. ಚೌತಿಗೆ ಇನ್ನೂ ತಿಂಗಳಿದೆ, ಇಷ್ಟು ಕಾದವರು ಅಷ್ಟು ಕಾಯಲಾರಿರಾ?

ಹೊತ್ತು ಹೊತ್ತಿಗೆ ಉಣ್ಣಿ. ಕೆಮ್ಮಿಗೆ ಕಾಳುಮೆಣಸು ಜೀರಿಗೆ ಕುದಿಸಿ ಕುಡಿಯಿರಿ, ಆ ಕೆಂಪು ಟಾನಿಕ್ಕನ್ನು ನಂಬಬೇಡಿ. ವರ್ಕ್‌ಶಾಪಿನ ಭೋಜಣ್ಣನಿಗೆ, ಅವರ ಹೆಂಡತಿಗೆ ನಾನು ಕೇಳಿದೆನೆಂದು ಹೇಳಿ. ಆನೆಗುಡ್ಡೆಯ ಗಣಪ ನಿಮ್ಮ ಬೆನ್ನ ಹಿಂದೆ ಇರಲಿ, ಶರಣ್ಯಾ ನಿಮ್ಮ ಕೊರಳಿಗೆ ಜೋತುಬಿದ್ದಿದ್ದಾಳೆ ಎಂದು ತಿಳಿಯಿರಿ.

ನಿಮ್ಮ ದಾರಿ ನೋಡುವ
ಕುಸುಮ

ತಾ.ಕ.: ಅಂಗಡಿಯ ಮೂಲೆಯಲ್ಲಿ ಕೂತು ಕವರಿಗೆ ಅಂಟು ಹಚ್ಚುತ್ತಿದ್ದೆ, ಮಾವ ಬಂದು ಬಾಗಿಲಲ್ಲಿ ನಿಂತರು. ಅಂಚೆ ಹೊರಡುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅವರು ಹೇಳಿದ್ದನ್ನು, ಎರಡು ವರ್ಷದ ಮೇಲೆ ಬಾಯಿಗೆ ಬಂದ ನಿಮ್ಮ ಹೆಸರನ್ನೂ ಸೇರಿಸಿ, ಅಕ್ಷರ ಬಿಡದೆ ಬರೆದಿದ್ದೇನೆ: "ದೇವುಗ್ ಬರಿ. ಆ ಜಗಳದ ಪೆಟ್ಗಿ ಹಿಡಿ ಮುರ್ದ್ ಹೋಯ್ತ್. ಇಲ್ಲಿಯರ್ ಯಾರಿಗೂ ಆತಿಲ್ಲೆ, ಅಂವ ಬಂದೇ ಸರಿ ಮಾಡ್ಕ್. ಚೌತಿ ಒಳ್ಗ್ ಬಪ್ಪುಕ್ ಹೇಳ್." ನಾನು ಈಗಷ್ಟೇ ಎದ್ದುಹೋಗಿ ನೋಡಿ ಬಂದೆ. ಹಿಡಿಕೆಗೆ ಏನೂ ಆಗಿಲ್ಲ, ನಾಲ್ಕು ದಿಕ್ಕಿಗೂ ಚೆನ್ನಾಗಿ ತಿರುಗುತ್ತದೆ. ನೀವು ಬರುವಾಗ ಒಂದು ಹೊಸ ಹಿಡಿಕೆಯನ್ನು ಮರೆಯದೆ ತನ್ನಿ. ಮಾವ ನೋಡುತ್ತಿರುವಾಗಲೇ ಹಳೆಯದನ್ನು ಬಿಚ್ಚಿ ಹಾಕಿ. ಅವರ ಮಾತು ಸುಳ್ಳಾಗಬಾರದು.